ರೈಲು ಎಲ್ಲಿಯವರೆಗೆ, ಕಾರು ಎಲ್ಲಿಂದ: ಮ್ಯೂನಿಕ್‌ನಿಂದ ರೋಮ್‌ವರೆಗಿನ ಪ್ರವಾಸವೊಂದರ ಯೋಜನೆ

ಯುರೋಪಿನ ನಾಲ್ಕೈದು ಊರುಗಳನ್ನು ಒಂದೇ ಪ್ರವಾಸದಲ್ಲಿ ನೋಡಿಬರಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವುದು, ರೈಲು ವಾಸಿಯೋ ಕಾರು ವಾಸಿಯೋ ಎಂದು. ಇಡೀ ಪ್ರವಾಸಕ್ಕೆ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ದೊಡ್ಡ ಊರಿನಿಂದ ದೊಡ್ಡ ಊರಿಗೆ ಹೋಗುವಾಗ ರೈಲೇ ಸುಖ, ಏಕೆಂದರೆ ನಿಲ್ದಾಣ ಊರಿನ ನಡುವೆಯೇ ಇರುತ್ತದೆ, ಅರ್ಧ ಗಂಟೆ ಮುಂಚೆ ಹೋದರೆ ಸಾಕು, ಇಳಿದ ಮೇಲೆ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಅಲೆಯಬೇಕಿಲ್ಲ. ಆದರೆ ಹಳಿ ಹತ್ತದ ಬೆಟ್ಟಗಳಲ್ಲಿ, ದಿನಕ್ಕೆ ಮೂರು ನಾಲ್ಕು ಕಡೆ ನಿಂತು ನೋಡಬೇಕಾದ ಸೀಮೆಯಲ್ಲಿ ಕಾರು ಇದ್ದರೆ ದಿನ ನಮ್ಮ ಕೈಯಲ್ಲಿರುತ್ತದೆ. ಆದ್ದರಿಂದ ನಕ್ಷೆಯನ್ನು ಬಿಡಿಸಿಕೊಂಡು ಕುಳಿತವರು ಮೊದಲು ತೀರ್ಮಾನಿಸಬೇಕಾದದ್ದು, ಕಾರನ್ನು ಯಾವ ಊರಿನಲ್ಲಿ ಪಡೆಯುವುದು ಮತ್ತು ಯಾವ ಊರಿನಲ್ಲಿ ಒಪ್ಪಿಸುವುದು ಎಂಬುದನ್ನು. ಈ ಎರಡು ಊರುಗಳು ಗೊತ್ತಾದರೆ ವೀಸಾಕ್ಕೆ ಯಾವ ದೇಶದ ಬಾಗಿಲು ತಟ್ಟಬೇಕು, ರೈಲು ಟಿಕೆಟನ್ನು ಎಷ್ಟು ತುಂಡುಗಳಲ್ಲಿ ಕೊಳ್ಳಬೇಕು, ಯಾವ ಊರಿನಲ್ಲಿ ಎಷ್ಟು ರಾತ್ರಿ ಎಂಬುದೆಲ್ಲ ಅವುಗಳ ಬೆನ್ನಿಗೇ ಬರುತ್ತದೆ.

ಮಾತು ಗಾಳಿಯಲ್ಲಿ ಉಳಿಯದಿರಲೆಂದು ಒಂದು ಉದಾಹರಣೆಯನ್ನೇ ಹಿಡಿದು ಕೊನೆಯವರೆಗೆ ಹೋಗೋಣ. ಬೆಂಗಳೂರಿನ ಒಂದು ಮನೆಯವರು: ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಅರವತ್ತೈದು ದಾಟಿದ ಅಜ್ಜಿ. ಸೆಪ್ಟೆಂಬರ್ ಮೊದಲ ವಾರ ಹೊರಟು 14 ರಾತ್ರಿ ಹೊರಗಿರುತ್ತಾರೆ. ನೇರ ವಿಮಾನದಲ್ಲಿ ಮ್ಯೂನಿಕ್‌ಗೆ ಹೋಗಿ ಇಳಿಯುತ್ತಾರೆ, ಮರಳುವುದು ರೋಮ್‌ನಿಂದ. ಹೀಗೆ ಇಳಿಯುವ ಊರು ಒಂದು, ಹತ್ತುವ ಊರು ಇನ್ನೊಂದು ಆಗಿರುವ ಟಿಕೆಟನ್ನು ಹುಡುಕು ತಾಣಗಳಲ್ಲಿ ಮಲ್ಟಿ-ಸಿಟಿ ಎಂಬ ಆಯ್ಕೆಯಲ್ಲಿ ನೋಡಬೇಕು. ಬಂದ ದಾರಿಯಲ್ಲೇ ಮ್ಯೂನಿಕ್‌ಗೆ ಮರಳುವ ಒಂದು ದಿನ ಮತ್ತು ಅದರ ಖರ್ಚು ಇದರಿಂದ ಉಳಿಯುತ್ತದೆ. ರಾತ್ರಿಗಳ ಹಂಚಿಕೆ ಹೀಗೆ: ಮ್ಯೂನಿಕ್‌ನಲ್ಲಿ ಎರಡು, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಎರಡು, ಇಟಲಿಯ ಉತ್ತರ ತುದಿಯ ಬೊಲ್ಜಾನೊದಲ್ಲಿ ಒಂದು, ಅಲ್ಲಿಂದ ಮೇಲೆ ಡೊಲೊಮೈಟ್ ಬೆಟ್ಟಗಳಲ್ಲಿ ಮೂರು, ಫ್ಲಾರೆನ್ಸ್‌ನಲ್ಲಿ ಮೂರು, ರೋಮ್‌ನಲ್ಲಿ ಮೂರು.

ಸೆಪ್ಟೆಂಬರ್ ಮೊದಲ ವಾರವೇ ಏಕೆಂದರೆ, ಮ್ಯೂನಿಕ್‌ನ ಆಕ್ಟೋಬರ್‌ಫೆಸ್ಟ್ ತನ್ನ ಹೆಸರಿಗೆ ವಿರುದ್ಧವಾಗಿ ಸೆಪ್ಟೆಂಬರ್ ನಡುವಿನಲ್ಲೇ ಶುರುವಾಗುತ್ತದೆ ಮತ್ತು ಆ ಎರಡು ವಾರ ಊರಿನ ಹೋಟೆಲ್ ದರಗಳು ಕೈಗೆ ಎಟುಕುವುದಿಲ್ಲ. ಅಕ್ಟೋಬರ್‌ಗೆ ಮುಂದೂಡಿದರೆ ಡೊಲೊಮೈಟ್‌ನ ರೋಪ್‌ವೇಗಳು ಒಂದೊಂದಾಗಿ ನಿಲ್ಲತೊಡಗುತ್ತವೆ. ಜುಲೈ, ಆಗಸ್ಟ್‌ಗಳಲ್ಲಿ ಇಟಲಿಯವರೇ ರಜೆಗೆ ಬೆಟ್ಟಕ್ಕೆ ಬಂದಿರುತ್ತಾರೆ.

ಕೀಲಿನ ಎರಡು ಊರುಗಳು

ಮ್ಯೂನಿಕ್‌ನಲ್ಲಿ ಇಳಿದ ಕೂಡಲೇ ವಿಮಾನ ನಿಲ್ದಾಣದಲ್ಲಿಯೇ ಕಾರು ಹಿಡಿದು ರೋಮ್‌ನಲ್ಲಿ ಬಿಟ್ಟುಬಿಡುವ ಆಲೋಚನೆ ಬಹಳ ಜನಕ್ಕೆ ಬರುತ್ತದೆ. ಅದು ಕೆಲಸಕ್ಕೆ ಬಾರದಿರಲು ಕಾರಣಗಳು ಹಲವು. ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಒಪ್ಪಿಸಿದರೆ ಅದನ್ನು ಮರಳಿ ಒಯ್ಯುವ ಖರ್ಚೆಂದು ಕಂಪನಿಗಳು ಹಾಕುವ ಶುಲ್ಕ ಎಷ್ಟೋ ಸಲ ನೂರಾರು ಯೂರೋ ಆಗುತ್ತದೆ. ಕೆಲವು ಕಂಪನಿಗಳು ಜರ್ಮನಿಯ ಕೆಲವು ದುಬಾರಿ ಮಾದರಿಯ ಕಾರುಗಳನ್ನು ಇಟಲಿಗೆ ಒಯ್ಯಲು ಬಿಡುವುದೇ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ಇಳಿಯಲು ವಿನ್ಯೆಟ್ ಎಂಬ ರಸ್ತೆ ತೆರಿಗೆಯ ಚೀಟಿ ಬೇಕು; ಅಲ್ಲಿಂದ ಇಟಲಿಗೆ ದಾಟುವ ಬ್ರೆನ್ನರ್ ಹೆದ್ದಾರಿಗೆ ಅದು ಸಾಲದೆ ಬೇರೆ ಟೋಲ್ ಕೊಡಬೇಕು. ಇಷ್ಟೆಲ್ಲ ಕೊಟ್ಟ ಮೇಲೆ ಮ್ಯೂನಿಕ್ ಮತ್ತು ಸಾಲ್ಜ್‌ಬರ್ಗ್‌ಗಳ ನಾಲ್ಕು ದಿನ ಆ ಕಾರು ನಿಲುಗಡೆಯಲ್ಲಿ ನಿಂತು ಬಾಡಿಗೆ ತಿನ್ನುತ್ತಿರುತ್ತದೆ.

ನಮ್ಮ ಯೋಜನೆಯಲ್ಲಿ ಕಾರು ಪಡೆಯುವುದು ಬೊಲ್ಜಾನೊದಲ್ಲಿ, ಒಪ್ಪಿಸುವುದು ವೆರೋನಾದಲ್ಲಿ. ಎರಡೂ ಇಟಲಿಯಲ್ಲಿಯೇ ಇರುವುದರಿಂದ ಊರು ಬದಲಾವಣೆಯ ಶುಲ್ಕ ಕಡಿಮೆ. ಬೊಲ್ಜಾನೊ ರೈಲಿನಲ್ಲಿ ತಲುಪಬಹುದಾದ ಕೊನೆಯ ದೊಡ್ಡ ಊರು. ಅಲ್ಲಿಂದ ವಾಲ್ ಗಾರ್ಡೇನಾ ಕಣಿವೆಯ ಒರ್ತಿಸೇಯಿ ನಲವತ್ತು ಕಿಲೋಮೀಟರಿನೊಳಗೆ. ವೆರೋನಾ ಬೊಲ್ಜಾನೊದಿಂದ ಎ22 ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್ ದಕ್ಷಿಣಕ್ಕಿದೆ, ಅಲ್ಲಿಂದ ಫ್ಲಾರೆನ್ಸ್‌ಗೆ ಅತಿವೇಗದ ರೈಲು ಒಂದೂವರೆ ಗಂಟೆಯಲ್ಲಿ ಒಯ್ಯುತ್ತದೆ. ಹೆದ್ದಾರಿ ಓಡಿಸುವ ಉಮೇದು ಇಲ್ಲದವರು ಬೊಲ್ಜಾನೊದಲ್ಲಿಯೇ ಕಾರನ್ನು ಮರಳಿಸಿ ಅಲ್ಲಿಂದಲೇ ರೈಲು ಹಿಡಿಯಬಹುದು. ಆಗ ಆ ಶುಲ್ಕವೂ ಇಲ್ಲ.

ಇಲ್ಲಿ ವಾರದ ಲೆಕ್ಕವೂ ಸೇರುತ್ತದೆ, ಇದನ್ನು ಬಹುತೇಕರು ಮರೆಯುತ್ತಾರೆ. ಬೊಲ್ಜಾನೊದಂಥ ನಡುಗಾತ್ರದ ಊರಿನ ಬಾಡಿಗೆ ಕಾರಿನ ಕಚೇರಿಗಳು ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಮುಚ್ಚಿರುವುದು, ವಾರದ ದಿನಗಳಲ್ಲಿಯೂ ಮಧ್ಯಾಹ್ನ ಎರಡು ತಾಸು ಬಾಗಿಲು ಹಾಕುವುದು ಸಾಮಾನ್ಯ. ನಮ್ಮ ಕುಟುಂಬ ಮಂಗಳವಾರ ಮ್ಯೂನಿಕ್‌ನಲ್ಲಿ ಇಳಿದರೆ ಕಾರು ಪಡೆಯಬೇಕಾದ ಆರನೆಯ ದಿನ ಸರಿಯಾಗಿ ಭಾನುವಾರವಾಗುತ್ತದೆ. ಬುಧವಾರ ಇಳಿದರೆ ಆರನೆಯ ದಿನ ಸೋಮವಾರ, ಒಪ್ಪಿಸುವ ಒಂಬತ್ತನೆಯ ದಿನ ಗುರುವಾರ. ಫ್ಲಾರೆನ್ಸ್‌ನ ಉಫಿತ್ಸಿ ಕಲಾ ಸಂಗ್ರಹಾಲಯಕ್ಕೆ ಸೋಮವಾರ ರಜೆ, ಆದರೆ ನಾವು ಆ ಊರಿನಲ್ಲಿರುವುದು ಗುರುವಾರದಿಂದ ಭಾನುವಾರದವರೆಗೆ. ವ್ಯಾಟಿಕನ್ ಸಂಗ್ರಹಾಲಯ ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರಗಳಲ್ಲಿ ಮುಚ್ಚಿರುತ್ತದೆ, ನಾವು ರೋಮ್ ತಲುಪುವುದೇ ಭಾನುವಾರ. ನೋಡುವುದನ್ನು ಸೋಮವಾರಕ್ಕೆ ಇಟ್ಟುಕೊಂಡರಾಯಿತು. ವಿಮಾನದ ಟಿಕೆಟನ್ನು ಒಂದು ದಿನ ಆಚೀಚೆ ಮಾಡಿದ್ದಕ್ಕೆ ಇಷ್ಟು ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಊರುಗಳ ಸಂಖ್ಯೆಯ ಬಗ್ಗೆ ಒಂದು ಮಾತು. ಸಾಲ್ಜ್‌ಬರ್ಗ್‌ನಿಂದ ಬೊಲ್ಜಾನೊಗೆ ಇನ್ಸ್‌ಬ್ರುಕ್‌ನಲ್ಲಿ ರೈಲು ಬದಲಿಸಿಕೊಂಡು ಹೋದರೆ ಸುಮಾರು ನಾಲ್ಕೂವರೆ ಗಂಟೆ ಎಂದು ವೇಳಾಪಟ್ಟಿ ತೋರಿಸುತ್ತದೆ. ಆದರೆ ಬೆಳಿಗ್ಗೆ ಕೋಣೆ ಖಾಲಿ ಮಾಡುವುದು, ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಇಳಿದು ಹೊಸ ಹೋಟೆಲ್ ಹುಡುಕುವುದು, ಅಜ್ಜಿ ಸ್ವಲ್ಪ ಕಾಲು ಚಾಚುವುದು ಎಲ್ಲ ಸೇರಿದರೆ ಬಾಗಿಲಿನಿಂದ ಬಾಗಿಲಿಗೆ ಏಳು ಗಂಟೆ. ಪ್ರತಿ ಊರು ಬದಲಾವಣೆಯೂ ಕನಿಷ್ಠ ಅರ್ಧ ದಿನ ನುಂಗುತ್ತದೆ. ಹದಿನಾಲ್ಕು ರಾತ್ರಿಯಲ್ಲಿ ಐದು ಸಲ ಗಂಟುಮೂಟೆ ಕಟ್ಟುವುದು ನನ್ನ ಲೆಕ್ಕದಲ್ಲಿ ಗರಿಷ್ಠ ಮಿತಿ. ವೆನಿಸನ್ನೂ ಇದರೊಳಗೆ ತುರುಕಬೇಕೆನ್ನುವವರು ಫ್ಲಾರೆನ್ಸ್ ಅಥವಾ ಸಾಲ್ಜ್‌ಬರ್ಗ್ ಬಿಡಲು ತಯಾರಿರಬೇಕು.

ವೀಸಾ ಮತ್ತು ಕೆಲಸಗಳ ಸರದಿ

ಮೊದಲು ಇಳಿಯುವ ದೇಶ ಜರ್ಮನಿ ಎಂಬ ಕಾರಣಕ್ಕೆ ಜರ್ಮನಿಯ ವೀಸಾಕ್ಕೆ ಅರ್ಜಿ ಹಾಕುವುದು ಈ ಯೋಜನೆಯಲ್ಲಿ ತಪ್ಪಾಗುತ್ತದೆ. ಶೆಂಗೆನ್ ಒಪ್ಪಂದದ 29 ದೇಶಗಳಿಗೆ ಒಂದೇ ವೀಸಾ ಸಾಕಾದರೂ ಅರ್ಜಿಯನ್ನು ಪ್ರವಾಸದ ಮುಖ್ಯ ದೇಶಕ್ಕೆ, ಸಾಮಾನ್ಯವಾಗಿ ಹೆಚ್ಚು ದಿನ ತಂಗುವ ದೇಶಕ್ಕೆ, ಕೊಡಬೇಕು. ತಂಗುವ ದಿನಗಳು ಸಮನಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶದ ನಿಯಮ ಬರುತ್ತದೆ. ನಮ್ಮ 14 ರಾತ್ರಿಗಳಲ್ಲಿ ಜರ್ಮನಿಯಲ್ಲಿ ಎರಡು, ಆಸ್ಟ್ರಿಯಾದಲ್ಲಿ ಎರಡು, ಇಟಲಿಯಲ್ಲಿ ಹತ್ತು. ಆದ್ದರಿಂದ ಅರ್ಜಿ ಇಟಲಿಗೆ. ಪ್ರವಾಸಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಸಲ್ಲಿಸುವಂತಿಲ್ಲ, 15 ದಿನಗಳಿಗಿಂತ ತಡವಾಗಿಯೂ ಸಲ್ಲಿಸುವಂತಿಲ್ಲ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಶೆಂಗೆನ್‌ನಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡ್ ಎರಡೂ ಶೆಂಗೆನ್‌ನಲ್ಲಿ ಇಲ್ಲ ಎಂಬುದನ್ನು ಲಂಡನ್ ಸೇರಿಸಿಕೊಳ್ಳುವ ಆಸೆಯಿರುವವರು ನೆನಪಿಡಬೇಕು.

ವೀಸಾ ಕೈಗೆ ಬರುವವರೆಗೆ ಹಣ ಮರಳಿ ಬಾರದ ಯಾವುದನ್ನೂ ಕೊಳ್ಳಬಾರದು ಎಂಬುದು ಒಂದು ಕಡೆ, ಅಗ್ಗದ ರೈಲು ಟಿಕೆಟುಗಳು ಬೇಗ ಮುಗಿದುಹೋಗುತ್ತವೆ ಎಂಬುದು ಇನ್ನೊಂದು ಕಡೆ. ಈ ಇಕ್ಕಟ್ಟಿಗೆ ಪರಿಹಾರ ಕೆಲಸಗಳ ಸರದಿಯಲ್ಲಿದೆ. ಹೋಟೆಲುಗಳನ್ನು ಉಚಿತವಾಗಿ ರದ್ದುಪಡಿಸಬಹುದಾದ ದರದಲ್ಲಿ ಮೊದಲೇ ಹಿಡಿಯಬೇಕು. ವೀಸಾ ಅರ್ಜಿಗೂ ಅವೇ ಆಧಾರ. ಬಾಡಿಗೆ ಕಾರನ್ನೂ ಆಗಲೇ ಕಾಯ್ದಿರಿಸಬಹುದು, ಏಕೆಂದರೆ ಹೆಚ್ಚಿನ ಕಡೆ ಪಡೆಯುವ ದಿನಕ್ಕೆ ಒಂದೆರಡು ದಿನ ಮುಂಚಿನವರೆಗೂ ಬಿಡಿಗಾಸು ಕೊಡದೆ ರದ್ದು ಮಾಡಬಹುದಾದ ದರ ಸಿಗುತ್ತದೆ. ಅರ್ಜಿಯನ್ನು ಪ್ರವಾಸಕ್ಕೆ ಮೂರು ನಾಲ್ಕು ತಿಂಗಳು ಮುಂಚೆ ಹಾಕಿದರೆ ವೀಸಾ ಬಂದ ಮೇಲೆಯೂ ಮುಂಗಡ ರೈಲು ದರಗಳು ಉಳಿದಿರುತ್ತವೆ. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪಡೆಯಬೇಕು. ಅದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ಆದರೆ ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಇಟಲಿಯಲ್ಲಿ ಭಾರತದ ಡಿಎಲ್ ಒಂದನ್ನೇ ತೋರಿಸಿ ಓಡಿಸುವಂತಿಲ್ಲ; ಬಾಡಿಗೆ ಕಚೇರಿಯವರು ಈ ಪುಸ್ತಕ ಕೇಳದೆ ಕೀಲಿ ಕೊಟ್ಟರೂ ದಾರಿಯಲ್ಲಿ ಪೊಲೀಸರು ಕೇಳಬಹುದು, ಅಪಘಾತವಾದರೆ ವಿಮೆಯವರು ಖಂಡಿತ ಕೇಳುತ್ತಾರೆ.

ಯುರೋಪಿನ ಗಡಿಯಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಹಾಕುವ ಬದಲು ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿದೆ. ಸಾಲು ಉದ್ದವಾಗಬಹುದಾದ್ದರಿಂದ ವಿಮಾನ ಇಳಿದ ಎರಡು ಗಂಟೆಗೇ ನಿರ್ದಿಷ್ಟ ರೈಲಿನ ಟಿಕೆಟ್ ಕೊಳ್ಳುವುದು ಜಾಣತನವಲ್ಲ. ನಮ್ಮವರು ಮೊದಲ ಎರಡು ರಾತ್ರಿ ಮ್ಯೂನಿಕ್‌ನಲ್ಲೇ ಇರುವುದರಿಂದ ಅವರಿಗೆ ಈ ಆತಂಕವಿಲ್ಲ. ಎಸ್1 ಅಥವಾ ಎಸ್8 ಉಪನಗರ ರೈಲು ಯಾವಾಗ ಬಂದರೂ ಹತ್ತಿ ನಲವತ್ತು ನಿಮಿಷದಲ್ಲಿ ಊರು ಸೇರಬಹುದು.

ಪಾಸೋ, ಬಿಡಿ ಟಿಕೆಟೋ

ಯುರೋಪಿನ ರೈಲೆಂದರೆ ಭಾರತದಲ್ಲಿ ಮೊದಲು ನೆನಪಾಗುವುದು ಯುರೇಲ್ ಪಾಸ್. 33 ದೇಶಗಳಿಗೆ ಸಲ್ಲುವ ಅದರ ಗ್ಲೋಬಲ್ ಪಾಸಿನಲ್ಲಿ ಒಂದು ತಿಂಗಳಿನೊಳಗೆ ನಾಲ್ಕು, ಐದು ಅಥವಾ ಏಳು ದಿನ, ಎರಡು ತಿಂಗಳಿನೊಳಗೆ ಹತ್ತು ಅಥವಾ ಹದಿನೈದು ದಿನ ಪ್ರಯಾಣಿಸುವ ಬಗೆಗಳಿವೆ. ದಿನಗಳ ಎಣಿಕೆಯಿಲ್ಲದೆ ನಿರಂತರವಾಗಿ ಬಳಸುವ ಬಗೆಗಳೂ ಇವೆ. ಪಾಸ್ ಇದ್ದರೆ ಎಲ್ಲ ರೈಲನ್ನೂ ಸುಮ್ಮನೆ ಹತ್ತಬಹುದು ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳ ಹೆಚ್ಚಿನ ರೈಲುಗಳಲ್ಲಿ ಅದು ನಿಜ. ಇಟಲಿಯ ಫ್ರೆಚ್ಚಾರೊಸ್ಸಾ, ಫ್ರಾನ್ಸಿನ ಟಿಜಿವಿ, ಸ್ಪೇನಿನ ಎವಿಇ, ಯೂರೋಸ್ಟಾರ್ ಮತ್ತು ರಾತ್ರಿ ರೈಲುಗಳಲ್ಲಿ ಪಾಸಿನ ಮೇಲೆ ಸೀಟು ಕಾಯ್ದಿರಿಸುವ ಶುಲ್ಕವನ್ನೂ ಕೊಡಲೇಬೇಕು.

ನಮ್ಮ ಯೋಜನೆಯಲ್ಲಿ ರೈಲಿನ ದಿನಗಳು ನಾಲ್ಕೇ: ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್, ಅಲ್ಲಿಂದ ಬೊಲ್ಜಾನೊ, ವೆರೋನಾದಿಂದ ಫ್ಲಾರೆನ್ಸ್, ಫ್ಲಾರೆನ್ಸ್‌ನಿಂದ ರೋಮ್. ಎರಡನೆಯದನ್ನು ಬಿಟ್ಟರೆ ಒಂದೂ ಉದ್ದದ ಪ್ರಯಾಣವಲ್ಲ. ಮೊದಲನೆಯದಕ್ಕೆ ಬವೇರಿಯಾ ರಾಜ್ಯದ ಬಯರ್ನ್ ಟಿಕೆಟ್ ಸಾಕು; ಗಡಿಯಾಚೆಗಿನ ಸಾಲ್ಜ್‌ಬರ್ಗ್‌ವರೆಗೂ ಅದು ಸಲ್ಲುತ್ತದೆ, ಐದು ಜನರವರೆಗೆ ಒಂದೇ ಟಿಕೆಟಿನಲ್ಲಿ ಹೋಗಬಹುದು, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಮತ್ತು ಸ್ಥಳೀಯ ರೈಲುಗಳಲ್ಲಿ ಮಾತ್ರ. ಉಳಿದ ಮೂರಕ್ಕೂ ಮುಂಗಡ ದರಗಳು ಸಿಗುತ್ತವೆ. ನಾಲ್ಕು ದಿನದ ಗ್ಲೋಬಲ್ ಪಾಸ್ ಕೊಂಡರೆ ದೊಡ್ಡವರೊಬ್ಬರಿಗೆ ಆಗುವ ಖರ್ಚು ಈ ಬಿಡಿ ಟಿಕೆಟುಗಳ ಮೊತ್ತವನ್ನು ಸುಲಭವಾಗಿ ದಾಟುತ್ತದೆ. ಪಾಸ್ ಲಾಭವಾಗುವುದು ದಿನಕ್ಕೆ ನಾಲ್ಕೈದು ಗಂಟೆ ಪ್ರಯಾಣಿಸುವವರಿಗೆ, ಎಲ್ಲಿಗೆ ಎಂದು ಹಿಂದಿನ ರಾತ್ರಿ ತೀರ್ಮಾನಿಸುವವರಿಗೆ, ಮತ್ತು ಮುಂಗಡ ಕೊಳ್ಳದವರ ಜೇಬು ಸುಡುವ ದೇಶಗಳಲ್ಲಿ. ಸ್ವಿಟ್ಜರ್ಲೆಂಡ್ ಒಂದನ್ನೇ ನೋಡುವವರಿಗೆ ಆ ದೇಶದ್ದೇ ಸ್ವಿಸ್ ಟ್ರಾವೆಲ್ ಪಾಸ್ ಇದೆ. ಅಲ್ಲಿ ರೈಲು, ಬಸ್, ದೋಣಿ ಬೆಟ್ಟದ ತುದಿಯವರೆಗೂ ಹೊಂದಿಕೊಂಡು ಓಡುವುದರಿಂದ ಕಾರಿನ ಮಾತೇ ಬೇಡ.

ಬಿಡಿ ಟಿಕೆಟ್ ಕೊಳ್ಳುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಾಲ್ಜ್‌ಬರ್ಗ್‌ನಿಂದ ಬೊಲ್ಜಾನೊವರೆಗೆ ಒಂದೇ ಟಿಕೆಟ್ ಕೊಂಡಿದ್ದರೆ, ಮೊದಲ ರೈಲು ತಡವಾಗಿ ಇನ್ಸ್‌ಬ್ರುಕ್‌ನಲ್ಲಿ ಮುಂದಿನ ರೈಲು ತಪ್ಪಿದಾಗ ಅದರ ಮುಂದಿನ ರೈಲಿನಲ್ಲಿ ಹೋಗುವ ಹಕ್ಕು ನಿಮಗಿರುತ್ತದೆ. ಎರಡು ಯೂರೋ ಉಳಿಯುತ್ತದೆಂದು ಅದನ್ನೇ ಎರಡು ಟಿಕೆಟುಗಳಾಗಿ ಕೊಂಡಿದ್ದರೆ ಎರಡನೆಯದು ಅಲ್ಲಿಗೇ ಸತ್ತಂತೆ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಒಂದು ಗಂಟೆ ಮೀರಿದ ತಡಕ್ಕೆ ಟಿಕೆಟಿನ ಕಾಲು ಭಾಗ, ಎರಡು ಗಂಟೆ ಮೀರಿದರೆ ಅರ್ಧ ಭಾಗ ಪರಿಹಾರ ಕೇಳಬಹುದು. ಅದಕ್ಕೂ ಒಂದೇ ಟಿಕೆಟಿನಲ್ಲಿದ್ದರೆ ಇಡೀ ಪ್ರಯಾಣದ ತಡವೇ ಲೆಕ್ಕಕ್ಕೆ ಬರುತ್ತದೆ. ಬದಲಾವಣೆಗೆ ಏಳೆಂಟು ನಿಮಿಷ ಮಾತ್ರ ಬಿಡುವಿರುವ ರೈಲುಗಳನ್ನು ತಾಣಗಳು ಮೊದಲು ತೋರಿಸುತ್ತವೆ. ಅಜ್ಜಿ ಮತ್ತು ಮೂರು ಸೂಟ್‌ಕೇಸ್ ಜೊತೆಗಿದ್ದರೆ ಅರ್ಧ ಗಂಟೆಯ ಬಿಡುವಿರುವುದನ್ನೇ ಆರಿಸಿಕೊಳ್ಳಿ. ಅಲ್ಲಿ ಕೂಲಿಗಳಿಲ್ಲ.

ನಿಲ್ದಾಣದಲ್ಲಿ ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಬೊಲ್ಜಾನೊಗೆ ಜರ್ಮನ್‌ನಲ್ಲಿ ಬೋಜನ್ ಎಂದು ಹೆಸರು. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ಆ ಸೀಮೆಯಲ್ಲಿ ಪ್ರತಿ ಊರಿಗೂ ಎರಡು ಹೆಸರು, ಲಾದಿನ್ ಭಾಷೆಯ ಕಣಿವೆಗಳಲ್ಲಿ ಮೂರು. ಒರ್ತಿಸೇಯಿ, ಸಾಂಕ್ಟ್ ಉಲ್ರಿಖ್, ಉರ್ತಿಯೇಯ್ ಮೂರೂ ಒಂದೇ ಊರು. ಮ್ಯೂನಿಕ್‌ನ ಹಲಗೆಯಲ್ಲಿ ಮ್ಯುಂಶನ್ ಎಂದಿರುತ್ತದೆ, ಫ್ಲಾರೆನ್ಸ್‌ನದರಲ್ಲಿ ಫಿರೆಂಜೆ. ವೆನಿಸ್‌ಗೆ ಹೋಗುವವರು ಮೆಸ್ತ್ರೆಯಲ್ಲಿ ಇಳಿದರೆ ಸೇರುವುದು ನೀರಿನ ಊರಿಗಲ್ಲ, ಅದರ ಆಚೆ ದಡಕ್ಕೆ. ಜರ್ಮನಿ, ಆಸ್ಟ್ರಿಯಾದ ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ ಒಡೆದು ಮುಂದಿನ ಅರ್ಧ ಒಂದು ಊರಿಗೆ, ಹಿಂದಿನ ಅರ್ಧ ಇನ್ನೊಂದು ಊರಿಗೆ ಹೋಗುತ್ತವೆ. ಆದ್ದರಿಂದ ರೈಲಿನ ಹೆಸರನ್ನು ನೋಡಿ ಹತ್ತಿದರೆ ಸಾಲದು. ಬೋಗಿಯ ಬಾಗಿಲ ಪಕ್ಕದ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಇದೆಯೇ ಎಂದು ನೋಡಿ ಹತ್ತಬೇಕು. ಇಟಲಿಯ ಸ್ಥಳೀಯ ರೈಲುಗಳಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಇಟಲಿಯಲ್ಲಿ ಮುಷ್ಕರಗಳು ಮೊದಲೇ ಸಾರಿ ಬರುತ್ತವೆ. ಶೋಪೆರೊ ಎಂಬ ಪದ ಕಂಡರೆ ದಿನಾಂಕ ನೋಡಿಕೊಳ್ಳಿ. ವಾರದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತರ ನಡುವೆ ಸ್ಥಳೀಯ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ.

ಕಾರಿನ ನಾಲ್ಕು ದಿನ

ಭಾರತದಿಂದ ಹೋಗುವವರು ಕಾರು ಕಾಯ್ದಿರಿಸುವಾಗ ಆಟೊಮ್ಯಾಟಿಕ್ ಎಂದು ಬೇರೆಯಾಗಿ ಆರಿಸಿಕೊಳ್ಳುವುದು ಮೇಲು. ಇಟಲಿಯ ಅಗ್ಗದ ಕಾರುಗಳು ಬಹುಪಾಲು ಗೇರಿನವು. ರಸ್ತೆಯ ಬಲಗಡೆ ಓಡಿಸುತ್ತ, ಎಡಗಡೆ ಕುಳಿತು, ಬಲಗೈಯಲ್ಲಿ ಗೇರು ಹುಡುಕುತ್ತ, ಬೆಟ್ಟದ ತಿರುವಿನಲ್ಲಿ ಎದುರಿಗೆ ಬರುವ ಬಸ್ಸಿಗೆ ದಾರಿ ಬಿಡುವುದನ್ನು ಮೊದಲ ದಿನವೇ ಕಲಿಯುವ ಅಗತ್ಯವಿಲ್ಲ. ನಾಲ್ಕು ಜನ ಮತ್ತು ಮೂರು ಸೂಟ್‌ಕೇಸ್ ಎಂದಾದರೆ ಚಿತ್ರದಲ್ಲಿ ತೋರಿಸಿದ್ದಕ್ಕಿಂತ ಒಂದು ಗಾತ್ರ ದೊಡ್ಡದನ್ನು ಹಿಡಿಯಬೇಕು. ಡಿಕ್ಕಿಯಲ್ಲಿ ತುಂಬದ ಸಾಮಾನು ಅಜ್ಜಿಯ ತೊಡೆಗೆ ಬರುತ್ತದೆ. ಇಟಲಿಯಲ್ಲಿ ಒಂದೂವರೆ ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಪ್ರತ್ಯೇಕ ಆಸನ ಕಡ್ಡಾಯ. ಮಗಳಿಗೆ ಹತ್ತು ವರ್ಷವಾಗಿದ್ದರೂ ಬೂಸ್ಟರ್ ಸೀಟು ಬೇಕಾದೀತು, ಅದನ್ನು ಮೊದಲೇ ಕೇಳಿಡಬೇಕು.

ಕಚೇರಿಯ ಕೌಂಟರಿನಲ್ಲಿ ಮೂರು ವಿಷಯ ಎದುರಾಗುತ್ತವೆ. ಮೊದಲನೆಯದು ಕಾರ್ಡ್: ಮುಖ್ಯ ಚಾಲಕರ ಹೆಸರಿನಲ್ಲಿರುವ ಕ್ರೆಡಿಟ್ ಕಾರ್ಡೇ ಬೇಕು. ಫಾರೆಕ್ಸ್ ಕಾರ್ಡನ್ನೂ ಡೆಬಿಟ್ ಕಾರ್ಡನ್ನೂ ಠೇವಣಿಗೆ ಒಪ್ಪದಿರುವುದೇ ಹೆಚ್ಚು, ಹೆಂಡತಿಯ ಕಾರ್ಡಿನಲ್ಲಿ ಗಂಡನಿಗೆ ಕೀಲಿ ಕೊಡುವುದಿಲ್ಲ. ಎರಡನೆಯದು ವಿಮೆ. ಬಾಡಿಗೆಯಲ್ಲಿ ಸೇರಿರುವ ವಿಮೆ ಸಾಮಾನ್ಯವಾಗಿ ದೊಡ್ಡ ಹಾನಿಯನ್ನು ಭರಿಸುತ್ತದೆ. ಅದಕ್ಕೆ ಮೊದಲಿನ ಸಾವಿರ ಯೂರೋ ಅಥವಾ ಹೆಚ್ಚಿನ ಒಂದು ಮೊತ್ತ ನಿಮ್ಮ ಹೊಣೆ. ಆ ಹೊಣೆಯನ್ನು ಸೊನ್ನೆಗೆ ಇಳಿಸುವ ಹೆಚ್ಚುವರಿ ವಿಮೆಯನ್ನು ಕೌಂಟರಿನವರು ಒತ್ತಾಯದಿಂದ ಮಾರುತ್ತಾರೆ. ಬೇಕೋ ಬೇಡವೋ ಎಂಬುದನ್ನು ಊರಿನಲ್ಲಿರುವಾಗಲೇ, ನಿಮ್ಮ ಪ್ರವಾಸ ವಿಮೆಯಲ್ಲಿ ಅದು ಸೇರಿದೆಯೇ ಎಂದು ಓದಿ, ತೀರ್ಮಾನಿಸಿಕೊಂಡು ಹೋಗಬೇಕು. ಬೆಟ್ಟದ ಕಿರಿದಾರಿಗೆ ಮೊದಲ ಸಲ ಹೋಗುವವರು ಅದನ್ನು ಕೊಳ್ಳುವುದೇ ನೆಮ್ಮದಿ ಎಂದು ನನ್ನ ಅಭಿಪ್ರಾಯ. ಮೂರನೆಯದು ಗೀರು. ಕೀಲಿ ಕೊಟ್ಟವರು ಹೋದ ಮೇಲೆ ಐದು ನಿಮಿಷ ನಿಂತು ಕಾರಿನ ಸುತ್ತ ವಿಡಿಯೊ ಮಾಡಿಕೊಳ್ಳಿ. ಬಾಗಿಲು, ಬಂಪರ್‌ಗಳಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಚಕ್ರದ ಅಂಚು, ಮುಂದಿನ ಗಾಜು ಮತ್ತು ಕಾರಿನ ಮೂತಿಯ ಕೆಳ ಅಂಚು. ಕಾಗದದ ಚಿತ್ರದಲ್ಲಿ ಗುರುತಿಸದ ಗೀರು ಕಂಡರೆ ಬರೆಯಿಸಿಕೊಂಡೇ ಹೊರಡಬೇಕು.

ಡೊಲೊಮೈಟ್‌ನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವವರು ಮೋಸಹೋಗುತ್ತಾರೆ. ಸೆಲ್ಲಾ ಎಂಬ ಬಂಡೆಬೆಟ್ಟದ ಸುತ್ತ ಗಾರ್ಡೇನಾ, ಕಾಂಪೊಲೊಂಗೊ, ಪೊರ್ದೊಯಿ, ಸೆಲ್ಲಾ ಎಂಬ ನಾಲ್ಕು ಕಣಿವೆದಾರಿಗಳನ್ನು ದಾಟಿ ಬರುವ ಸುತ್ತು ಅರವತ್ತು ಕಿಲೋಮೀಟರಿನ ಆಸುಪಾಸು. ಎಲ್ಲಿಯೂ ನಿಲ್ಲದಿದ್ದರೂ ಎರಡು ಗಂಟೆ ಬೇಕು, ನಿಂತು ನೋಡುತ್ತ ಹೋದರೆ ಇಡೀ ದಿನ. ಪೊರ್ದೊಯಿ 2,239 ಮೀಟರ್ ಎತ್ತರದಲ್ಲಿದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತಿ ಇಳಿದವರಿಗೆ ಇಲ್ಲಿನ ತಿರುವುಗಳು ಹೊಸವೆನಿಸುವುದಿಲ್ಲ, ರಸ್ತೆಯೂ ಚೆನ್ನಾಗಿದೆ. ಆದರೆ ಸೈಕಲ್ ಸವಾರರು ಗುಂಪುಗುಂಪಾಗಿ ಹತ್ತುತ್ತಿರುತ್ತಾರೆ, ಅವರ ಹಿಂದೆ ತಾಳ್ಮೆಯಿಂದ ಹೋಗಬೇಕು. ಕೆಲವು ಜಾಗಗಳಿಗೆ ಕಾರಿದ್ದರೂ ಬೇಕೆಂದಾಗ ಹೋಗುವಂತಿಲ್ಲ. ಆಲ್ಪೆ ದಿ ಸಿಯುಸಿ ಹುಲ್ಲುಗಾವಲಿನ ರಸ್ತೆ ಹಗಲಿನಲ್ಲಿ ಹೊರಗಿನವರ ಕಾರಿಗೆ ಮುಚ್ಚಿರುತ್ತದೆ, ರೋಪ್‌ವೇಯಲ್ಲಿ ಏರಬೇಕು. ಬ್ರಾಯೆಸ್ ಸರೋವರದ ಕಣಿವೆಗೆ ಜುಲೈಯಿಂದ ಸೆಪ್ಟೆಂಬರ್ ಎರಡನೆಯ ವಾರದವರೆಗೆ ಮುಂಗಡ ಕಾಯ್ದಿರಿಸದೆ ಹಗಲಿನಲ್ಲಿ ಕಾರು ಬಿಡುವುದಿಲ್ಲ. ಇಷ್ಟೆಲ್ಲ ಓದಿ ಕಾರೇ ಬೇಡವೆನ್ನಿಸಿದವರಿಗೆ, ಬೊಲ್ಜಾನೊ ಸುತ್ತಲಿನ ದಕ್ಷಿಣ ತಿರೋಲ್ ಸೀಮೆಯ ಬಹಳಷ್ಟು ವಸತಿಗಳಲ್ಲಿ ತಂಗಿದವರಿಗೆ ಸ್ಥಳೀಯ ಬಸ್ಸು ರೈಲುಗಳ ಉಚಿತ ಪಾಸು ಸಿಗುತ್ತದೆ ಎಂಬುದು ತಿಳಿದಿರಲಿ. ಇಬ್ಬರೇ ಹೋಗುವವರಿಗೆ, ನಡೆಯಬಲ್ಲವರಿಗೆ ಅದೇ ಸಾಕು. ಅಜ್ಜಿಯನ್ನು ಕರೆದುಕೊಂಡು ಹೋಗುವವರಿಗೆ ಕಾರಿನ ಬೆಲೆ ಗೊತ್ತಾಗುತ್ತದೆ.

ಊಟದ ಮಾತು ನಡುವೆ ಬರಲಿ. ಬೆಟ್ಟದ ಮೂರು ರಾತ್ರಿಗೆ ಅಡುಗೆಮನೆಯಿರುವ ವಸತಿ ಹಿಡಿದರೆ ಸಸ್ಯಾಹಾರಿಗಳಿಗೆ ಅನುಕೂಲ. ಗೊಜ್ಜಿನ ಪುಡಿ, ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಒಯ್ಯುವುದಕ್ಕೆ ಯುರೋಪಿಯನ್ ಒಕ್ಕೂಟದ ನಿಷೇಧವಿರುವುದರಿಂದ ಪೇಡ ಮತ್ತು ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ದಿನಸಿ ಅಂಗಡಿ ತೆರೆದಿರುವುದಿಲ್ಲ, ದೊಡ್ಡ ರೈಲು ನಿಲ್ದಾಣದೊಳಗಿನವು ಮಾತ್ರ ಇದಕ್ಕೆ ಹೊರತು. ನಮ್ಮವರು ಸಾಲ್ಜ್‌ಬರ್ಗ್ ಬಿಡುವುದು ಭಾನುವಾರ. ಬುತ್ತಿಯ ಬ್ರೆಡ್ಡು ಹಣ್ಣು ಶನಿವಾರವೇ ಕೊಂಡಿರಬೇಕು.

ನಾಲ್ಕನೆಯ ದಿನ ಬೆಟ್ಟ ಇಳಿದು ಎ22 ಹೆದ್ದಾರಿ ಸೇರುವಾಗ ಯಂತ್ರವೊಂದು ಚೀಟಿ ಕೊಡುತ್ತದೆ, ಹೊರಬರುವ ಕಡೆ ಅದನ್ನು ತೋರಿಸಿ ದೂರಕ್ಕೆ ತಕ್ಕ ಹಣ ಕೊಡಬೇಕು. ಹೊರಬರುವಾಗ ಹಳದಿ ಹಲಗೆಯ ಟೆಲೆಪಾಸ್ ಸಾಲಿಗೆ ನುಗ್ಗಬೇಡಿ, ಅದು ಯಂತ್ರ ಅಳವಡಿಸಿಕೊಂಡ ಸ್ಥಳೀಯರಿಗೆ. ನೋಟು ನಾಣ್ಯದ ಬಿಳಿ ಹಲಗೆ ಅಥವಾ ಕಾರ್ಡಿನ ನೀಲಿ ಹಲಗೆ ನಮ್ಮದು. ವೇಗದ ಮಿತಿ ಗಂಟೆಗೆ 130 ಕಿಲೋಮೀಟರ್, ಎಡಗಡೆಯ ಸಾಲು ಮುಂದೆ ಹಾಯಲು ಮಾತ್ರ. ಪೆಟ್ರೋಲ್ ಬಂಕಿನಲ್ಲಿ ಗಸೋಲಿಯೊ ಎಂದರೆ ಡೀಸೆಲ್, ಬೆಂಜೀನಾ ಎಂದರೆ ಪೆಟ್ರೋಲ್. ಗ್ಯಾಸೋಲಿನ್ ಎಂಬ ಪದ ಕಿವಿಯಲ್ಲಿರುವವರು ಗಸೋಲಿಯೊದ ಪೈಪಿಗೆ ಕೈ ಹಾಕಿ ಕಾರು ಕೆಡಿಸಿಕೊಂಡದ್ದುಂಟು.

ಇಟಲಿಯ ಹಳೆಯ ಊರುಗಳ ನಡುಭಾಗಕ್ಕೆ ಪರವಾನಗಿಯಿಲ್ಲದ ಕಾರು ಹೋಗುವಂತಿಲ್ಲ. ಆ ಪ್ರದೇಶವನ್ನು ಜೆಡ್‌ಟಿಎಲ್ ಎನ್ನುತ್ತಾರೆ. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಫಲಕ ಇರುತ್ತದೆ, ಗೇಟಾಗಲಿ ಕಾವಲುಗಾರನಾಗಲಿ ಇರುವುದಿಲ್ಲ. ಮೇಲೊಂದು ಕ್ಯಾಮೆರಾ ನಂಬರ್ ಪ್ಲೇಟನ್ನು ಓದುತ್ತದೆ. ಟಸ್ಕನಿಯ ಒಂದು ಸಣ್ಣ ಊರಿನಲ್ಲಿ ವಾರ್ಕೊ ಅತ್ತೀವೊ ಎಂದು ದೀಪದಕ್ಷರದಲ್ಲಿ ಬರೆದಿದ್ದನ್ನು ಓದಿ, ದಾರಿ ಚಾಲ್ತಿಯಲ್ಲಿದೆ ಎಂದು ನಾನೇ ಅರ್ಥ ಮಾಡಿಕೊಂಡು ಒಳಗೆ ಹೋಗಿದ್ದೇನೆ. ಚಾಲ್ತಿಯಲ್ಲಿದ್ದದ್ದು ಕ್ಯಾಮೆರಾ. ನೋನ್ ಅತ್ತೀವೊ ಎಂದಿದ್ದರೆ ಮಾತ್ರ ಹೋಗಬಹುದಿತ್ತು. ದಾರಿ ತಪ್ಪಿತೆಂದು ಸುತ್ತಿ ಅದೇ ಬೀದಿಗೆ ಇನ್ನೊಮ್ಮೆ ಬಂದದ್ದರಿಂದ ದಂಡವೂ ಎರಡಾಯಿತು. ಬೆಂಗಳೂರಿಗೆ ಮರಳಿದ ಮೇಲೆ ಮೊದಲು ಬಂದದ್ದು ದಂಡದ ಪತ್ರವಲ್ಲ, ನನ್ನ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆಯವರು ಕಾರ್ಡಿನಿಂದ ಕಡಿದುಕೊಂಡ ಶುಲ್ಕದ ಸಂದೇಶ, ಅದೂ ಎರಡು ಸಲ. ದಂಡದ ಪತ್ರ ತಿಂಗಳುಗಳ ನಂತರ ಬಂತು. ಐದು ದಿನದೊಳಗೆ ಕಟ್ಟಿದರೆ ಶೇಕಡ 30 ಕಡಿತವಿದೆ ಎಂಬುದೊಂದೇ ಅದರಲ್ಲಿದ್ದ ಸಮಾಧಾನ.

ವೆರೋನಾಕ್ಕೂ ಇಂಥ ನಡುಪ್ರದೇಶವಿದೆ. ಆದ್ದರಿಂದ ಕಾರು ಒಪ್ಪಿಸುವ ಕಚೇರಿಯನ್ನು ಆರಿಸುವಾಗ ಅದು ಪೋರ್ತಾ ನುಒವಾ ರೈಲು ನಿಲ್ದಾಣದ ಬಳಿಯದೋ ವಿಮಾನ ನಿಲ್ದಾಣದ್ದೋ ಎಂದು ನೋಡಿ, ಹೆದ್ದಾರಿಯಿಂದ ಅಲ್ಲಿಗೆ ಹೋಗುವ ದಾರಿಯನ್ನು ಹಿಂದಿನ ರಾತ್ರಿಯೇ ನಕ್ಷೆಯಲ್ಲಿ ಬೆರಳಿಟ್ಟು ನೋಡಿಕೊಳ್ಳಬೇಕು. ಕಾರು ಒಪ್ಪಿಸುವ ಹೊತ್ತಿಗೂ ಫ್ಲಾರೆನ್ಸ್ ರೈಲಿಗೂ ನಡುವೆ ಮೂರು ಗಂಟೆ ಇರಲಿ. ಸಮಯ ಉಳಿದರೆ ಸಾಮಾನನ್ನು ನಿಲ್ದಾಣದಲ್ಲಿ ಇಟ್ಟು ರೋಮನ್ ಕಾಲದ ಬಯಲು ರಂಗಮಂದಿರವನ್ನು ನೋಡಿ ಬರಬಹುದು. ಟ್ಯಾಂಕ್ ತುಂಬಿಸಿದ ರಸೀದಿಯನ್ನು ಬಿಸಾಡಬಾರದು. ಒಪ್ಪಿಸುವಾಗ ಇಂಧನದ ಮುಳ್ಳು ಮತ್ತು ಓಡಿದ ಕಿಲೋಮೀಟರ್ ಕಾಣುವಂತೆ ಒಂದು ಚಿತ್ರ, ಕಾರಿನ ಸುತ್ತ ಇನ್ನೊಂದು ವಿಡಿಯೊ ತೆಗೆದುಕೊಂಡು, ಹಾನಿಯಿಲ್ಲವೆಂದು ಬರೆದ ಕಾಗದ ಕೇಳಿ ಪಡೆಯಬೇಕು. ಠೇವಣಿಯಾಗಿ ಹಿಡಿದ ಮೊತ್ತ ಕಾರ್ಡಿಗೆ ಮರಳಲು ಕೆಲವು ದಿನದಿಂದ ಒಂದೆರಡು ವಾರ ಬೇಕು. ಹೊರದೇಶದವರಿಗೆ ದಂಡದ ಪತ್ರ ಕಳಿಸಲು ಇಟಲಿಯ ಕಾನೂನಿನಲ್ಲಿ 360 ದಿನಗಳ ಅವಕಾಶವಿರುವುದರಿಂದ, ಈ ರಸೀದಿ, ಚಿತ್ರ, ಬಾಡಿಗೆ ಕರಾರನ್ನು ಮುಂದಿನ ವರ್ಷದ ಸೆಪ್ಟೆಂಬರ್ ಕಳೆಯುವವರೆಗೆ ಎತ್ತಿಟ್ಟಿರಿ.